ತಲೆಗೆ ಪೆಟ್ಟಾಗಿ ವೆಂಟಿಲೇಟರ್ ಮೇಲಿದ್ದಾರೆ, ಗಂಟಲಿಗೆ ಪೈಪ್ ಈಗಲೇ ಹಾಕಿಸಬೇಕಾ, ಕಾಯಬೇಕಾ?

ನಿಮ್ಮ ಕಾಕಾ ಗದಗ ರಸ್ತೆಯಲ್ಲಿ ಬೈಕಿಂದ ಬಿದ್ದು 6 ದಿನ ಆಯಿತು, ಎಚ್ಚರ ಬಂದಿಲ್ಲ, ಹುಬ್ಬಳ್ಳಿಯ ಐಸಿಯುನಲ್ಲಿ ಟ್ರೇಕಿಯಾಸ್ಟಮಿಗೆ (ಕತ್ತಿನ ಮುಂದೆ ತೂತು ಮಾಡಿ ಶ್ವಾಸನಾಳಕ್ಕೆ ಪೈಪ್ ಹಾಕುವುದಕ್ಕೆ) ಸಹಿ ಕೇಳ್ತಿದ್ದಾರೆ ಅಂತ ಬರೆದಿದ್ದೀರಿ. ನಾನೂ ಹುಬ್ಬಳ್ಳಿಯಲ್ಲಿ ಐಸಿಯು ನರ್ಸ್. ರೋಗಿಯನ್ನು ನೋಡದೆ ಸಹಿ ಹಾಕಿ ಅಂತಾಗಲಿ, ಬೇಡ ಅಂತಾಗಲಿ ಹೇಳಲಾರೆ. ಆದರೆ 6ನೇ ದಿನಕ್ಕೆ ಈ ಮಾತು ಬಂದಿದ್ದರೆ ಅದು ಅವಸರವೇನಲ್ಲ.

'ಗಂಟಲಿಗೆ ತೂತು ಹಾಕಿದರು ಅಂದ್ರೆ ಮುಗೀತು' ಅಂತ ನೋಡಲು ಬಂದ ನೆಂಟರು ಹೆದರಿಸುತ್ತಾರೆ. ಹಾಗೇನಿಲ್ಲ. ತಲೆಗೆ ಪೆಟ್ಟಾದವರಲ್ಲಿ ಎಷ್ಟೋ ಸಲ ಶ್ವಾಸಕೋಶ ಚೆನ್ನಾಗೇ ಇರುತ್ತದೆ. ಎಚ್ಚರ ಇರಲ್ಲ, ಹಾಗಾಗಿ ಕೆಮ್ಮಿ ಕಫ ಹೊರಹಾಕಲು ಆಗಲ್ಲ, ಜೊಲ್ಲು ಒಳಗೆ ಇಳಿಯುತ್ತದೆ. ಪೈಪ್ ಬೇಕಾಗುವುದು ಅದಕ್ಕೆ. ಬಾಯಿಂದ ಹಾಕಿದ ಪೈಪ್ ಧ್ವನಿಪೆಟ್ಟಿಗೆಯ ಮಧ್ಯೆ ಹಾದು ಹೋಗುತ್ತದೆ. ಬಹಳ ದಿನ ಇಟ್ಟರೆ ಅಲ್ಲಿ ಗಾಯ ಆಗಬಹುದು. ಬಾಯಿಯ ಪೈಪನ್ನು ರೋಗಿ ಸಹಿಸಿಕೊಳ್ಳಲಿ ಅಂತ ನಿದ್ದೆ ಔಷಧಿ ಕೊಡುತ್ತೇವೆ. ಔಷಧಿ ಜಾಸ್ತಿಯಾದರೆ ಎಚ್ಚರ ಬರ್ತಿದೆಯೋ ಇಲ್ಲವೋ ನಮಗೇ ಗೊತ್ತಾಗಲ್ಲ! ಕತ್ತಿನ ಪೈಪ್‌ಗೆ ಅಷ್ಟು ಔಷಧಿ ಬೇಡ, ಕಫ ತೆಗೆಯುವುದೂ ಸುಲಭ.

ಹಾಗಾದರೆ ಎರಡನೇ ದಿನವೇ ಯಾಕೆ ಮಾಡಲ್ಲ? ಆಗ ಮಿದುಳಿನ ಬಾವು ಇನ್ನೂ ಏರುತ್ತಿರುತ್ತದೆ. ರೋಗಿಯನ್ನು ಸಪಾಟಾಗಿ ಮಲಗಿಸಿ ಕತ್ತು ಹಿಂದಕ್ಕೆ ಬಾಗಿಸಿದರೆ ತಲೆಯೊಳಗಿನ ಒತ್ತಡ ಹೆಚ್ಚಬಹುದು. ಇನ್ನು ಕೆಲವರಿಗೆ ಕತ್ತಿನ ಪೈಪೇ ಬೇಕಾಗುವುದಿಲ್ಲ. 2013ರಲ್ಲಿ ಬಂದ ಬ್ರಿಟನ್ನಿನ ಟ್ರಾಕ್‌ಮ್ಯಾನ್ ಅಧ್ಯಯನದಲ್ಲಿ 10 ದಿನ ಕಾಯಬೇಕಾದ ಗುಂಪಿನ ಅರ್ಧಕ್ಕಿಂತ ಹೆಚ್ಚು ಜನರಿಗೆ ಟ್ರೇಕಿಯಾಸ್ಟಮಿ ಆಗಲೇ ಇಲ್ಲ. ಬೇಗ ಮಾಡಿಸಿಕೊಂಡವರು ಹೆಚ್ಚು ಜನ ಬದುಕಿದರು ಅಂತಲೂ ಆಗಲಿಲ್ಲ. ಅದರಲ್ಲಿದ್ದವರು ಎಲ್ಲ ಬಗೆಯ ಐಸಿಯು ರೋಗಿಗಳು. ತಲೆ ಪೆಟ್ಟಿನವರ ವಿಷಯದಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಅಮೆರಿಕದ ಬ್ರೇನ್ ಟ್ರಾಮಾ ಫೌಂಡೇಶನ್ 2016ರಲ್ಲಿ ಹೇಳಿದ್ದು ಇಷ್ಟೇ: ಬೇಗ ಮಾಡಿದರೆ ವೆಂಟಿಲೇಟರ್ ದಿನಗಳು ಕಡಿಮೆಯಾಗುತ್ತವೆ, ಸಾವು ಕಡಿಮೆಯಾಗುತ್ತದೆ ಅನ್ನಲು ಆಧಾರ ಇಲ್ಲ. ಅಂದರೆ ನೀವು ನಾಲ್ಕು ದಿನ ಕಾದಿರಿ ಅಂತ ಕಾಕಾ ಏಳದೇ ಹೋಗುವುದೂ ಇಲ್ಲ, ಇವತ್ತೇ ಹಾಕಿಸಿದಿರಿ ಅಂತ ಬೇಗ ಏಳುವುದೂ ಇಲ್ಲ. ಸಹಿಯ ವಿಚಾರಕ್ಕೆ ಅಣ್ಣ-ತಮ್ಮಂದಿರು ಜಗಳ ಆಡುವುದನ್ನು ನೋಡಿದಾಗೆಲ್ಲ ನನಗೆ ಇದನ್ನೇ ಹೇಳಬೇಕು ಅನಿಸುತ್ತದೆ.

ನಾಳೆ ಡಾಕ್ಟರು ರೌಂಡ್ಸ್‌ಗೆ ಬಂದಾಗ ಕೇಳಿ: ತಲೆಯ ಒತ್ತಡ ಹತೋಟಿಗೆ ಬಂದಿದೆಯಾ? ಮುಂದಿನ ಮೂರ್ನಾಲ್ಕು ದಿನದಲ್ಲಿ ಕೆಮ್ಮುವಷ್ಟು ಎಚ್ಚರ ಬರುವ ಲಕ್ಷಣ ಇದೆಯಾ? ಒತ್ತಡ ಇಳಿದಿದ್ದು, ಎಚ್ಚರದ ಲಕ್ಷಣ ಇಲ್ಲ ಅಂದರೆ ಕಾಯುವುದರಲ್ಲಿ ನನಗಂತೂ ಲಾಭ ಕಾಣಲ್ಲ. ರಕ್ತ ಬರುವುದು, ಸೋಂಕು, ಪೈಪ್ ಕಟ್ಟಿಕೊಳ್ಳುವುದು, ಮುಂದೆ ಶ್ವಾಸನಾಳ ಕಿರಿದಾಗುವುದು, ಈ ಅಪಾಯಗಳು ಇದ್ದೇ ಇವೆ. ಅದನ್ನೂ ಕೇಳಿಕೊಳ್ಳಿ. ಪೈಪ್ ತೆಗೆದ ಮೇಲೆ ತೂತು ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ.

ಪೈಪ್ ಇರುವಾಗಲೇ ಊರಿಗೆ ಕಳಿಸುವುದಾದರೆ, ಸಕ್ಷನ್ ಮಾಡುವುದನ್ನು (ಮಷಿನ್‌ನಿಂದ ಪೈಪಿನ ಕಫ ಎಳೆದು ತೆಗೆಯುವುದನ್ನು) ಮನೆಯ ಇಬ್ಬರಾದರೂ ಡಿಸ್ಚಾರ್ಜ್‌ಗೆ ಮುಂಚೆಯೇ ನಮ್ಮಂಥವರ ಕೈಲಿ ಕಲಿತುಕೊಳ್ಳಿ. ಒಬ್ಬರೇ ಕಲಿತರೆ ಅವರು ನಿದ್ದೆ ಮಾಡುವುದು ಯಾವಾಗ? ಹಳ್ಳಿಯಲ್ಲಿ ಕರೆಂಟ್ ಹೋಗುವುದು ಇದ್ದೇ ಇದೆಯಲ್ಲ, ಕಾಲಲ್ಲಿ ತುಳಿಯುವ ಸಕ್ಷನ್ ಮಷಿನ್ ಕೂಡ ಒಂದು ಇಟ್ಟುಕೊಳ್ಳಿ.