"ನಾ ಎಲ್ಲಿ ಅದೀನ್ರಿ?"

ನಾನು ಆಪ್ತ ಸಲಹೆಗಾರ್ತಿ. ಈ ಹುಡುಗನನ್ನು ತಾಯಿ ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. ಮಗ ಸರಿಯಾಗಿ ಊಟ ಮಾಡುತ್ತಿಲ್ಲ, ರಾತ್ರಿ ನಿದ್ದೆ ಇಲ್ಲ, ಕೇಳಿದರೆ ಸಿಟ್ಟು. ಗೆಳೆಯನ ಜೊತೆ ಸೇರಿ ರಾಕ್ ಹಾಡು ಮಾಡುತ್ತಾನೆ. ಗೆಳೆಯ ಹಾಡಿ ಗಿಟಾರ್ ನುಡಿಸುತ್ತಾನೆ, ಇವನದು ಡ್ರಮ್ಸ್. ಇಬ್ಬರೇ. ವಿಡಿಯೋ ಕೂಡ ಅವರದೇ. (ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಮೊದಲ ಎರಡು ಭೇಟಿ ನಾನೇ ಹಾಳು ಮಾಡಿದೆ. ಈ ವಯಸ್ಸಿನ ಹುಡುಗ ಬಂದರೆ ಒಂದೋ ಪರೀಕ್ಷೆ, ಇಲ್ಲಾ ಪ್ರೀತಿ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಎಫ್‌ಡಿಎ (ಸರ್ಕಾರಿ ಕೆಲಸದ) ಪರೀಕ್ಷೆ ತಯಾರಿ ಹೇಗಿದೆ ಅಂತ ಕೇಳುತ್ತಾ ಕೂತೆ. ಅವನು ಹೂಂ ಅನ್ನುತ್ತಾ ಕೂತ.

ಮೂರನೇ ಸಲ, ಹಾಡು ಹೇಗೆ ಮಾಡ್ತೀರಿ, ಸುಮ್ನೆ ಹೇಳು ಅಂದೆ. ಬಾಯಿ ಬಿಟ್ಟ. ಮಾಳಿಗೆ ಮೇಲೆ ಒಂದೇ ರೂಮು. ಸದ್ದು ಗೋಡೆಗೆ ಬಡಿದು ವಾಪಸ್ ಬರಬಾರದು ಅಂತ ಸುತ್ತಲೂ ಅಜ್ಜಿ ಹೊಲಿದ ಕೌದಿ ಕಟ್ಟಿದ್ದಾರೆ. ಫ್ಯಾನಿನ ಸದ್ದು ಮೈಕಿಗೆ ಬೀಳುತ್ತದೆ, ಹಾಗಾಗಿ ಮೇ ತಿಂಗಳಲ್ಲೂ ಫ್ಯಾನ್ ಬಂದ್. ಕಲಬುರಗಿಯ ಮೇ ಅಂದ್ರೆ 42–43 ಡಿಗ್ರಿ, ಗೊತ್ತಲ್ವಾ? ಬೆವರಿಗೆ ಡ್ರಮ್ಸಿನ ಕೋಲು ಕೈಯಿಂದ ಜಾರುತ್ತದಂತೆ. ಬಿಸಿಲೇರುವ ಮುಂಚೆ ಊರಿನ 'ಅಪ್ಪನ ಕೆರೆ' ದಂಡೆಗೆ ಹೋಗಿ ವಿಡಿಯೋ ತೆಗೆಯುತ್ತಾರೆ. ಆಮೇಲೆ ಎಡಿಟಿಂಗಿಗೆ ಮೂರು ರಾತ್ರಿ.

"ಎಡಿಟಿಂಗ್ ಯಾರು ಮಾಡೋದು?"

"ನಾನೇ ರೀ."

"ಕ್ಯಾಮೆರಾ?"

"ಅದೂ ನಾನೇ ರೀ."

ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ತೆಗೆದು ನನ್ನ ಮುಂದೆ ಇಟ್ಟ. "ಹನ್ನೊಂದು ವಿಡಿಯೋ ಮಾಡೀವಿ ಮೇಡಂ. ಎಲ್ಲಾ ನೋಡ್ರಿ. ಇದರಾಗ ನಾ ಎಲ್ಲಿ ಅದೀನ್ರಿ?"

ನೋಡಿದೆ. ಒಂದರಲ್ಲಿ ಅವನ ನೆರಳು ಸಿಕ್ಕಿತು, ಕೆರೆಯ ಮೆಟ್ಟಿಲ ಮೇಲೆ. ಅಷ್ಟೇ.

ಮೇಲೆ ಕಾಣುತ್ತಿದ್ದ ಜಗಳ ಬೇರೆ. ಯೂಟ್ಯೂಬ್ ಜಾಹೀರಾತಿನ ದುಡ್ಡಿಗೆ ಒಂದು ವರ್ಷದಲ್ಲಿ 4,000 ಗಂಟೆ ನೋಡಿರಬೇಕು, 1,000 ಚಂದಾದಾರರು ಬೇಕು. ಅಷ್ಟು ಆಗಿತ್ತು. ಚಾನೆಲ್ ಇದ್ದದ್ದು ಗೆಳೆಯನ ಜಿಮೇಲ್‌ನಲ್ಲಿ. ಅವನು ತನ್ನದೇ ಬ್ಯಾಂಕ್ ಖಾತೆ ಕೊಟ್ಟ. ಅಂದಿನಿಂದ ಮಾತು ಬಂದ್.

ಗೆಳೆಯನನ್ನೂ ಕರೆಸಿದೆ. ಪಾಪ, ಅವನಿಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ. "ಅವಗ ಕ್ಯಾಮೆರಾ ಅಂದ್ರ ಜೀವ ಅಂತ ಸುಮ್ನಿದ್ದೆ ರೀ" ಅಂದ.

ಇಬ್ಬರೂ ಕೂತು ಮಾತಾಡಿ ಅಂತ ಕಳಿಸಬಹುದಿತ್ತು. ಕಳಿಸಲಿಲ್ಲ. ಹಾಳೆ ಕೊಟ್ಟು ಬರೆಸಿದೆ. ಹಾಡು ಹಾಡಿಗೂ ಧಾಟಿ ಯಾರದು, ಪದ ಯಾರವು, ರೆಕಾರ್ಡಿಂಗಿಗೆ ದುಡ್ಡು ಹಾಕಿದ್ದು ಯಾರು. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲೂ ಈ ಮೂರು ಬೇರೆ ಬೇರೆ ಹಕ್ಕು, ಸುಮ್ನೆ ನನ್ನ ಕಲ್ಪನೆ ಅಲ್ಲ. ಚಾನೆಲ್‌ಗೆ ಇಬ್ಬರೂ ಮಾಲೀಕರಾಗಿ ಸೇರಿಕೊಳ್ಳಲಿ, ದುಡ್ಡು ಹೇಗೆ ಹಂಚಿಕೊಳ್ಳುತ್ತೀರಿ ಅಂತ ಬರೆದು ಇಬ್ಬರೂ ಸಹಿ ಹಾಕಲಿ ಅಂದೆ. ಮುಂದಿನ ವಿಡಿಯೋದಲ್ಲಿ ಕ್ಯಾಮೆರಾ ಹಾಡುವವನೇ ಹಿಡಿಯಲಿ ಅಂತಲೂ ಸೇರಿಸಿದೆ.

ಸಲಹೆಗಾರರು ವಕೀಲಿಕೆ ಮಾಡಬಾರದು ಅಂತ ಸಹೋದ್ಯೋಗಿಯೊಬ್ಬರು ಬೇಜಾರಾದರು. ಇರಲಿ. ಅಣ್ಣತಮ್ಮಂದಿರ ಅಂಗಡಿ, ಪಾಲಿನ ಬೇಳೆ ಮಿಲ್ಲು, ಈಗ ಬ್ಯಾಂಡು. "ನಮ್ಮೊಳಗ ಎಂಥಾ ಲೆಕ್ಕ" ಅಂದವರೇ ನನ್ನ ಹತ್ತಿರ ಜಾಸ್ತಿ ಬರೋದು. ಲೆಕ್ಕ ಇಬ್ಬರೂ ಇಟ್ಟಿರುತ್ತಾರೆ, ತಲೆಯಲ್ಲಿ. ಎರಡೂ ತಾಳೆ ಆಗಲ್ಲ. ಇನ್ನು ಈ ಹುಡುಗನ ನಿದ್ದೆ ಕೆಡಿಸಿದ್ದು ದುಡ್ಡಲ್ಲ ಅಂತ ನನಗೂ ಗೊತ್ತು. ಆದರೆ "ನಾನು ಕಾಣ್ತಿಲ್ಲ" ಅಂತ ಗೆಳೆಯನಿಗೆ ಹೇಳೋಕೆ ಗಂಡು ಹುಡುಗರಿಗೆ ನಾಚಿಕೆ. ಹಾಳೆ ಮೇಲಾದರೆ ಹೇಳಬಹುದು.

ಎರಡು ತಿಂಗಳ ಮೇಲೆ ಹನ್ನೆರಡನೇ ವಿಡಿಯೋದ ಲಿಂಕ್ ಬಂತು. ಕ್ಯಾಮೆರಾ ಅಲುಗಾಡುತ್ತಿತ್ತು. ಕೌದಿಗಳ ಮುಂದೆ ಡ್ರಮ್ಸ್ ಬಾರಿಸುತ್ತಿದ್ದ ಹುಡುಗನ ಹಣೆ ಮೇಲಿನ ಭಾಗ ಫ್ರೇಮಿನಿಂದ ಹೊರಗೆ. ಕೆಳಗೆ ಅವನದೇ ಮೆಸೇಜು: "ತಲಿ ಅರ್ಧ ಕಟ್ ಆಗ್ಯಾದ್ರಿ ಮೇಡಂ. ಹಾಂಗೇ ಬಿಟ್ಟೀನಿ."