ಅಕ್ಕ ಎರಡು ಸಲ ಎರಡು ಥರ ಹೇಳಿದ್ದಾರೆ, ಕೇಸ್ ನಿಲ್ಲುತ್ತಾ?

ನೀವು ಕೇಳಿರುವುದು ಇಷ್ಟು. ಮದ್ದೂರು ಕಡೆಗೆ ಕೊಟ್ಟಿದ್ದ ನಿಮ್ಮ ಅಕ್ಕ ಕಳೆದ ವರ್ಷ ಸುಟ್ಟಗಾಯದಿಂದ ತೀರಿಕೊಂಡರು. ಆಸ್ಪತ್ರೆಗೆ ಸೇರಿಸಿದ ರಾತ್ರಿ ಕೇಸ್ ಶೀಟಿನಲ್ಲಿ ‘ಒಲೆ ಹಚ್ಚುವಾಗ ಸೀರೆಗೆ ಬೆಂಕಿ ತಗುಲಿತು’ ಎಂದು ಬರೆದಿದೆ. ಮಾರನೇ ದಿನ ತಹಶೀಲ್ದಾರರ ಮುಂದೆ ‘ಗಂಡ ಪೆಟ್ರೋಲ್ ಸುರಿದ’ ಎಂದು ಹೇಳಿದ್ದಾರೆ. ನಿಮ್ಮ ಅವ್ವನ ಹತ್ತಿರವೂ ಅದನ್ನೇ ಹೇಳಿದ್ದಾರೆ. ಐದನೇ ದಿನ ಹೋಗಿಬಿಟ್ಟರು. ಈಗ ಭಾವನ ಕಡೆಯವರು ‘ಎರಡು ಹೇಳಿಕೆ ಇದ್ದ ಮೇಲೆ ಕೇಸ್ ಬಿದ್ದ ಹಾಗೇ, ತಾಯಿ ಮಾತು ಲೆಕ್ಕಕ್ಕಿಲ್ಲ’ ಎನ್ನುತ್ತಿದ್ದಾರೆ. ನಿಜವಾ?

ನಿಜ ಅಲ್ಲ. ಆದರೆ ಕೇಸ್ ತಾನಾಗಿ ಗೆಲ್ಲುತ್ತದೆ ಅಂತಲೂ ಅಂದುಕೊಳ್ಳಬೇಡಿ. ನಾನು ಮಂಡ್ಯದಲ್ಲಿ 20 ವರ್ಷದಿಂದ ಕ್ರಿಮಿನಲ್ ಕೇಸ್ ನಡೆಸುತ್ತಿದ್ದೇನೆ. ಇಂಥ ಕೇಸುಗಳಲ್ಲಿ ಆರೋಪಿ ಪರವೂ ನಿಂತಿದ್ದೇನೆ, ಹೆಣ್ಣಿನ ಮನೆಯವರ ಪರವೂ ನಿಂತಿದ್ದೇನೆ. ನಿಮ್ಮ ಅಕ್ಕನ ವಿಷಯ ಓದಿ ಮನಸ್ಸಿಗೆ ಬಹಳ ನೋವಾಯಿತು. ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಕಾನೂನು. ಮರಣಪೂರ್ವ ಹೇಳಿಕೆ 1872ರ ಸಾಕ್ಷ್ಯ ಕಾಯ್ದೆಯಲ್ಲಿ 32(1)ನೇ ಸೆಕ್ಷನ್ ಆಗಿತ್ತು. 2024ರ ಜುಲೈ 1ರಿಂದ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 26ನೇ ಸೆಕ್ಷನ್. ಒಳಗಿನ ಮಾತು ಹಳೆಯದೇ. ತೀರಿಕೊಂಡವರು ತಮ್ಮ ಸಾವಿಗೆ ಏನು ಕಾರಣ, ಹೇಗಾಯಿತು ಅಂತ ಹೇಳಿದ್ದರೆ ಅದು ಸಾಕ್ಷ್ಯ. ಬರೆದದ್ದೇ ಆಗಬೇಕಿಲ್ಲ, ಬಾಯಲ್ಲಿ ಹೇಳಿದ್ದೂ ಆಗುತ್ತದೆ. ತಹಶೀಲ್ದಾರರಿಗೇ ಹೇಳಬೇಕು ಅಂತಲೂ ಇಲ್ಲ. ಡಾಕ್ಟರಿಗೆ, ಪೊಲೀಸರಿಗೆ, ಹೆತ್ತ ತಾಯಿಗೆ ಹೇಳಿದ್ದೂ ಸಾಕ್ಷ್ಯವೇ. ಹಾಗಾಗಿ ಅವ್ವನ ಮಾತು ಲೆಕ್ಕಕ್ಕಿಲ್ಲ ಅನ್ನುವುದು ಸುಳ್ಳು. ಹತ್ತಿರದವರು ಕೇಳಿಸಿಕೊಂಡ ಮಾತನ್ನು ಕೋರ್ಟು ಹೆಚ್ಚು ಹುಷಾರಾಗಿ ನೋಡುತ್ತದೆ, ಅಷ್ಟೇ.

‘ಐದು ದಿನ ಬದುಕಿದ್ದರಲ್ಲ, ಆಗ ಸಾಯುತ್ತೇನೆ ಅಂತ ಅವರಿಗೆ ಗೊತ್ತಿರಲಿಲ್ಲವಲ್ಲ’ ಎಂದು ಯಾರಾದರೂ ವಾದ ಮಾಡಿದರೆ ಹೆದರಬೇಡಿ. ಅದು ಇಂಗ್ಲೆಂಡಿನಲ್ಲಿದ್ದ ನಿಯಮ. ನಮ್ಮಲ್ಲಿ ಹೇಳುವಾಗ ಸಾವಿನ ನಿರೀಕ್ಷೆ ಇರಲೇಬೇಕು ಅಂತಿಲ್ಲ.

ಈ ಒಂದೇ ಹೇಳಿಕೆಯ ಮೇಲೆ ಶಿಕ್ಷೆ ಕೊಡಬಹುದಾ? ಕೊಡಬಹುದು. ಖುಷಾಲ್ ರಾವ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಆಗಲೇ ಇದನ್ನು ಹೇಳಿದೆ, 1950ರ ದಶಕದಲ್ಲಿ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಮ್ಯಾಜಿಸ್ಟ್ರೇಟರು (ತಹಶೀಲ್ದಾರರೂ ತಾಲ್ಲೂಕಿನ ಮ್ಯಾಜಿಸ್ಟ್ರೇಟರೇ) ಪ್ರಶ್ನೆ-ಉತ್ತರದ ರೂಪದಲ್ಲಿ, ಆದಷ್ಟೂ ಹೇಳಿದವರ ಮಾತಿನಲ್ಲೇ ಬರೆದುಕೊಂಡ ಹೇಳಿಕೆಗೆ ತೂಕ ಜಾಸ್ತಿ. ನಮ್ಮ ಕಡೆ ಕೇಸ್ ಜಾರುವುದು ಇಲ್ಲೇ.

ನಾನು ಜೂನಿಯರ್ ಆಗಿದ್ದಾಗ ನೋಡಿದ ಕೇಸ್ ಒಂದಿದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಣ್ಣುಮಗಳು, ಹೊಲದಲ್ಲಿ ಕೂಲಿ ಮಾಡುತ್ತಿದ್ದವಳು. ಅವಳ ಹೇಳಿಕೆಯಲ್ಲಿ ‘ನನ್ನ ಪತಿಯು ದುರುದ್ದೇಶದಿಂದ ಸೀಮೆಎಣ್ಣೆಯನ್ನು ಸುರಿದು ಅಗ್ನಿ ಸ್ಪರ್ಶ ಮಾಡಿರುತ್ತಾರೆ’ ಅಂತ ಇತ್ತು. ಆರೋಪಿ ಪರ ವಕೀಲರು ಆ ಸಾಲನ್ನು ಎರಡು ಸಲ ಜೋರಾಗಿ ಓದಿದರು. ‘ಆಕೆ ಈ ಮಾತು ಆಡಿದಳಾ?’ ಎಂದು ಬರೆದುಕೊಂಡ ಅಧಿಕಾರಿಯನ್ನು ಕೇಳಿದರು. ‘ಅವಳು ಹೇಳಿದ್ದರ ಸಾರಾಂಶ ಬರೆದೆ’ ಅಂದರು ಅವರು. ಕೋರ್ಟ್ ಹಾಲ್ ಸ್ತಬ್ಧವಾಯಿತು. ಆ ಹೆಣ್ಣು ನಿಜವಾಗಿ ಏನು ಹೇಳಿದ್ದಳು ಅಂತ ಆಮೇಲೆ ಯಾರಿಗೂ ಗೊತ್ತಾಗಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಅವಳ ತಾಯಿ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಆರೋಪಿ ಖುಲಾಸೆಯಾದ. ಇವತ್ತಿಗೂ ಆ ಕೇಸ್ ನನ್ನನ್ನು ಬಿಟ್ಟಿಲ್ಲ.

ಹಾಗಾಗಿ ಅಕ್ಕನ ಹೇಳಿಕೆಯ ನಕಲು ಸಿಕ್ಕಾಗ ಮೊದಲು ಭಾಷೆ ನೋಡಿ. ಅಕ್ಕ ಮಾತಾಡುವ ಹಾಗೆ ಇದೆಯಾ? ಪ್ರಶ್ನೆಗಳನ್ನು ಬರೆದಿದ್ದಾರಾ? ಕೆಳಗೆ ಡಾಕ್ಟರ ಷರಾ ಇದೆಯಾ? ಬರೀ ‘ಪ್ರಜ್ಞೆ ಇದೆ’ ಅಂತ ಇದೆಯಾ, ‘ಹೇಳಿಕೆ ಕೊಡುವ ಸ್ಥಿತಿಯಲ್ಲಿದ್ದಾರೆ’ ಅಂತ ಇದೆಯಾ? 1999ರಲ್ಲಿ ಸುಪ್ರೀಂ ಕೋರ್ಟು ಈ ಎರಡು ಮಾತಿನ ವ್ಯತ್ಯಾಸದ ಮೇಲೆಯೇ ಒಂದು ಹೇಳಿಕೆಯನ್ನು ನಂಬಲಿಲ್ಲ. 2002ರಲ್ಲಿ ಲಕ್ಷ್ಮಣ್ ಕೇಸಿನಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಅದನ್ನು ಸರಿಮಾಡಿತು. ಡಾಕ್ಟರ ಸರ್ಟಿಫಿಕೇಟು ಇಲ್ಲ ಅನ್ನುವ ಒಂದೇ ಕಾರಣಕ್ಕೆ ಹೇಳಿಕೆ ಬಿದ್ದುಹೋಗುವುದಿಲ್ಲ, ಮನಸ್ಸು ಸ್ಥಿಮಿತದಲ್ಲಿತ್ತು ಅಂತ ಬರೆದುಕೊಂಡವರಿಗೆ ಮನವರಿಕೆಯಾಗಿದ್ದರೆ ಸಾಕು ಎಂದಿತು. ಅದೇ ಈಗಿನ ಕಾನೂನು. ಕೈ ಸುಟ್ಟಿದ್ದಾಗ ಹೆಬ್ಬೆಟ್ಟು ಹೇಗೆ ಬಿತ್ತು ಅನ್ನುವ ಪ್ರಶ್ನೆಯೂ ಬಂದೇ ಬರುತ್ತದೆ. 2013ರಲ್ಲಿ ದಲ್ ಸಿಂಗ್ ಕೇಸಿನಲ್ಲಿ ಮೈಯೆಲ್ಲ ಸುಟ್ಟಿದ್ದ ಹೆಂಗಸಿನ ಹೇಳಿಕೆಯನ್ನೂ ಸುಪ್ರೀಂ ಕೋರ್ಟು ನಂಬಿತು.

ಈಗ ನಿಮ್ಮ ಮುಖ್ಯ ಚಿಂತೆಗೆ ಬರೋಣ. ಎರಡು ಹೇಳಿಕೆ ಇದ್ದಾಗ ಕೋರ್ಟು ಎಣಿಸುವುದಿಲ್ಲ, ತೂಗುತ್ತದೆ. ಯಾವುದು ನಂಬುವಂಥದ್ದು ಅಂತ ಒಂದೊಂದನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಹೇಳಿದವರನ್ನು ಪಾಟೀ ಸವಾಲು ಮಾಡಲು ಆಗುವುದಿಲ್ಲವಲ್ಲ, ಅದಕ್ಕೇ ಈ ಎಚ್ಚರ. 2023ರಲ್ಲಿ ಇರ್ಫಾನ್ ಕೇಸಿನಲ್ಲಿ ಹೇಳಿಕೆಗಳನ್ನು ನಂಬಲಾಗದೆ, ಗಲ್ಲು ಶಿಕ್ಷೆಯಾಗಿದ್ದವನನ್ನೇ ಸುಪ್ರೀಂ ಕೋರ್ಟು ಬಿಟ್ಟಿದೆ. ಈ ಎಚ್ಚರ ಸರಿಯಾದದ್ದೇ ಅಂತ ನನಗೂ ಅನಿಸುತ್ತದೆ.

ನಿಮ್ಮ ಕೇಸಿನಲ್ಲಿ ತೂಗಬೇಕಾದದ್ದು ಮೊದಲ ರಾತ್ರಿ. ಅಕ್ಕನನ್ನು ಆಸ್ಪತ್ರೆಗೆ ಕರೆತಂದವರು ಯಾರು? ಪೊಲೀಸ್ ಕೇಸ್ ಆಗುವಂಥ ರೋಗಿಗಳ ವಿವರ ಬರೆಯುವ ಆಸ್ಪತ್ರೆಯ ಎಂಎಲ್‌ಸಿ ರಿಜಿಸ್ಟರಿನಲ್ಲಿ ಅದು ಬರೆದಿರುತ್ತದೆ. ‘ಒಲೆ ಹಚ್ಚುವಾಗ’ ಎಂದು ಹೇಳಿದ್ದು ಅಕ್ಕನೇನಾ, ಇಲ್ಲ ಪಕ್ಕದಲ್ಲಿ ನಿಂತಿದ್ದ ಗಂಡನಾ? ತುಂಬಾ ಕೇಸುಗಳಲ್ಲಿ ಆ ಸಾಲು ಕರೆತಂದವರ ಬಾಯಿಂದ ಬಂದಿರುತ್ತದೆ. ರೋಗಿ ನರಳುತ್ತಿರುತ್ತಾರೆ, ಡ್ಯೂಟಿ ಡಾಕ್ಟರು ಅವಸರದಲ್ಲಿ ಜೊತೆಗಿದ್ದವರನ್ನು ಕೇಳಿ ಬರೆದುಕೊಳ್ಳುತ್ತಾರೆ. ಅಕ್ಕನೇ ಹೇಳಿದ್ದರೂ, ಸುಟ್ಟವನೇ ತಲೆದಿಂಬಿನ ಹತ್ತಿರ ನಿಂತಿರುವಾಗ, ಮಕ್ಕಳು ಅವನ ಮನೆಯಲ್ಲೇ ಇರುವಾಗ, ಯಾವ ಹೆಣ್ಣು ಬಾಯಿ ಬಿಡುತ್ತಾಳೆ ಹೇಳಿ? ಅವ್ವ ಬಂದ ಮೇಲೆ, ಅವನು ಹೊರಗೆ ಹೋದ ಮೇಲೆ ಮಾತು ಬದಲಾಗಿದ್ದರೆ ಅದಕ್ಕೆ ಅರ್ಥ ಇದೆ. ಎದುರಿನವರು ಅದೇ ಸಂಗತಿಯನ್ನು ತಿರುಗಿಸಿ ‘ತವರಿನವರು ಬಂದು ಹೇಳಿಕೊಟ್ಟರು’ ಎನ್ನುತ್ತಾರೆ. ತಹಶೀಲ್ದಾರರು ಬರೆದುಕೊಳ್ಳುವಾಗ ಎಲ್ಲರನ್ನೂ ವಾರ್ಡಿನಿಂದ ಹೊರಗೆ ಕಳಿಸಿದ್ದರಾ ಅನ್ನುವುದು ಅದಕ್ಕೇ ಮುಖ್ಯ. ನೋವಿನ ಇಂಜೆಕ್ಷನ್ ಎಷ್ಟು ಗಂಟೆಗೆ ಕೊಟ್ಟರು, ಹೇಳಿಕೆ ಎಷ್ಟು ಗಂಟೆಗೆ ಶುರುವಾಯಿತು, ಎರಡನ್ನೂ ಹೊಂದಿಸಿ ನೋಡಿ. ಜೊತೆಗೆ ಬಟ್ಟೆಯಲ್ಲಿ, ಕೂದಲಲ್ಲಿ ಪೆಟ್ರೋಲ್ ಅಂಶ ಇತ್ತಾ ಅನ್ನುವ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿಯನ್ನೂ ನೋಡಿ. ಪೆಟ್ರೋಲ್ ಸಿಕ್ಕಿದ್ದರೆ ಒಲೆಯ ಕಥೆ ನಿಲ್ಲುವುದು ಕಷ್ಟ.

ಅಕ್ಕ ಮೊದಲೇ ಕಳಿಸಿದ್ದ ವಾಟ್ಸಾಪ್ ವಾಯ್ಸ್ ಮೆಸೇಜ್ ಇದ್ದರೆ ಅಳಿಸಬೇಡಿ. ಫೋನನ್ನೂ ಬದಲಾಯಿಸಬೇಡಿ. ಸಾವಿಗೆ ಮುಂಚಿನ ಮಾತು, ಪತ್ರ ಕೂಡ ಸಾವಿಗೆ ನೇರ ಸಂಬಂಧ ಇದ್ದರೆ ಇದೇ ಸೆಕ್ಷನ್ ಒಳಗೆ ಬರುತ್ತದೆ. 1939ರ ಪಾಕಲ ನಾರಾಯಣಸ್ವಾಮಿ ಕೇಸಿನಲ್ಲಿ ಒಬ್ಬ ಮನುಷ್ಯ ಮನೆ ಬಿಡುವಾಗ ಎಲ್ಲಿಗೆ ಹೋಗುತ್ತಿದ್ದೇನೆ ಅಂತ ಹೆಂಡತಿಗೆ ಹೇಳಿದ್ದ ಮಾತನ್ನೇ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಪ್ರಿವಿ ಕೌನ್ಸಿಲ್ ಒಪ್ಪಿತು. ಆಮೇಲೆ ಅವನ ಹೆಣ ರೈಲಿನಲ್ಲಿ, ಟ್ರಂಕಿನೊಳಗೆ ಸಿಕ್ಕಿತ್ತು.

ಅವ್ವನ ಬಗ್ಗೆ ಒಂದು ಮಾತು, ಕೈಮುಗಿದು ಹೇಳುತ್ತೇನೆ. ಅವರಿಗೆ ಏನನ್ನೂ ಬಾಯಿಪಾಠ ಮಾಡಿಸಬೇಡಿ. ‘ಅತ್ತೆ ಹೆಸರೂ ಸೇರಿಸು, ನಾದಿನಿ ಹೆಸರೂ ಸೇರಿಸು’ ಅನ್ನುವ ನೆಂಟರು ಇದ್ದೇ ಇರುತ್ತಾರೆ. ಅಕ್ಕ ಹೇಳಿರದ ಒಂದು ಹೆಸರು ಸೇರಿದರೂ, ಪೊಲೀಸರಿಗೆ ಮೊದಲು ಕೊಟ್ಟ ಹೇಳಿಕೆ ಮುಂದಿಟ್ಟು ‘ಇದನ್ನು ಆಗ ಯಾಕೆ ಹೇಳಲಿಲ್ಲ?’ ಎಂದು ಕೇಳುತ್ತಾರೆ. ಆಗ ನಿಜ ಹೇಳಿದ್ದೂ ಅದರ ಜೊತೆಗೇ ಹೋಗುತ್ತದೆ. ಅಕ್ಕ ‘ಅವ್ವ, ಅವ್ನೇ ಸುರ್ದ ಕಣವ್ವ’ ಅಂದಿದ್ದರೆ ಅವ್ವ ಕಟಕಟೆಯಲ್ಲಿ ಅಷ್ಟೇ ಹೇಳಲಿ, ಹಾಗೇ ಹೇಳಲಿ. ಅಳು ಬಂದರೆ ಅಳಲಿ.

ಸರ್ಕಾರಿ ವಕೀಲರಿಗೆ ನೆರವಾಗಲು ನಿಮ್ಮ ಕಡೆಯಿಂದಲೂ ವಕೀಲರನ್ನು ಇಟ್ಟುಕೊಳ್ಳಲು ಕೋರ್ಟು ಅನುಮತಿ ಕೊಡಬಹುದು. ಅವರ ಮೂಲಕ ಚಾರ್ಜ್‌ಶೀಟ್ ನಕಲು ತೆಗೆಸಿ, ಸಾಕ್ಷಿಗಳ ಪಟ್ಟಿ ನೋಡಿ. ತಹಶೀಲ್ದಾರರು ಹೇಳಿಕೆ ಬರೆದುಕೊಂಡ ಹೊತ್ತಿನಲ್ಲಿ ಆ ವಾರ್ಡಿನಲ್ಲಿ ಡ್ಯೂಟಿಯಲ್ಲಿದ್ದ ನರ್ಸ್ ಹೆಸರು ಅದರಲ್ಲಿ ಇದೆಯಾ? ಗಂಡ ಒಳಗಿದ್ದನಾ ಹೊರಗಿದ್ದನಾ, ಅಕ್ಕ ಹೇಗೆ ಮಾತಾಡುತ್ತಿದ್ದರು ಅಂತ ಯಾವ ಕಡೆಗೂ ಸೇರದೆ ಹೇಳಬಲ್ಲವರು ಅವರು. ಹೆಸರು ಇಲ್ಲದಿದ್ದರೆ ಅವರನ್ನು ಸಾಕ್ಷಿಯಾಗಿ ಕರೆಸಲು ಅರ್ಜಿ ಹಾಕಿಸಿ. ತಡಮಾಡಬೇಡಿ, ನರ್ಸ್‌ಗಳಿಗೆ ವರ್ಗಾವಣೆ ಆಗುತ್ತಿರುತ್ತದೆ.