ಡಬ್ಬಿಯಲ್ಲಿ ಬಚ್ಚಿಟ್ಟ ನಾಲ್ಕು ತುಂಡು

ಭಾನುವಾರದ ಬಾಡೂಟದಿಂದ ಶುರುವಾದ ಜಗಳಗಳು ಕುಟುಂಬಗಳಿಗೆ ಆಪ್ತಸಲಹೆ ಕೊಡುವ ನನ್ನ ಮುಂದೆ ಮತ್ತೆ ಮತ್ತೆ ಬರುತ್ತವೆ. ಕೈ ಬಿಗಿಯಿರುವ ಮನೆಗಳಲ್ಲಿ ಅಕ್ಕಿ, ರಾಗಿ ಯಾರ ತಟ್ಟೆಗೆ ಎಷ್ಟು ಬಿತ್ತೆಂದು ಯಾರೂ ನೋಡುವುದಿಲ್ಲ. ಬಾಡಿನ ತುಂಡನ್ನು ಮಾತ್ರ ಎಲ್ಲರೂ ಎಣಿಸುತ್ತಾರೆ. ಈ ಪ್ರಕರಣವನ್ನು ಬರೆಯಲು ಇನ್ನೊಂದು ಕಾರಣವೂ ಇದೆ: ಒಬ್ಬ ತಾಯಿಯನ್ನು ಅವರ ಮನೆಯಲ್ಲೇ 'ಕಳ್ಳಿ' ಎಂದು ಕರೆದಿದ್ದರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಮಂಡ್ಯ ಕಡೆಯಿಂದ ಬೆಂಗಳೂರಿಗೆ ಬಂದ ಕುಟುಂಬ. ಗಂಡ ಆಟೋ ಓಡಿಸುತ್ತಾರೆ, ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಜೊತೆಗೆ ಅತ್ತೆ, ಮೈದುನ, ಹದಿಮೂರರ ಮಗಳು, ಒಂಬತ್ತರ ಮಗ. ಆರು ಜನಕ್ಕೆ ವಾರಕ್ಕೊಂದು ಕೆ.ಜಿ. ಬಾಯ್ಲರ್ ಕೋಳಿ, ಮಟನ್ ಏನಿದ್ದರೂ ಹಬ್ಬಕ್ಕೆ. ಬಡಿಸುವುದು ಅತ್ತೆ. ಮೊದಲು ಗಂಡುಮಕ್ಕಳು, ಆಮೇಲೆ ಮೊಮ್ಮಗ, ಕೊನೆಗೆ ಹೆಂಗಸರು. ಒಂದು ಭಾನುವಾರ ಸಾರು ಒಲೆಯ ಮೇಲಿರುವಾಗಲೇ ಸೊಸೆ ನಾಲ್ಕು ತುಂಡು ಎತ್ತಿ, ಮಗಳ ಊಟದ ಡಬ್ಬಿಗೆ ಹಾಕಿ, ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟರು. ಅದು ಮೈದುನನ ಕಣ್ಣಿಗೆ ಬಿತ್ತು. ಸಂಜೆಯೊಳಗೆ ಆಕೆ ಮಗಳನ್ನು ಕರೆದುಕೊಂಡು ತವರಿಗೆ ಹೊರಟಿದ್ದರು.

ನಾನು ಆಕೆಯನ್ನು ಒಬ್ಬರನ್ನೇ ಕೂರಿಸಿಕೊಂಡು ಮೊದಲು ಕೇಳಿದ್ದು, ಯಾರಾದರೂ ಕೈ ಎತ್ತಿದರೇ ಎಂದು. ಹೌದೆಂದಿದ್ದರೆ ದಾರಿಯೇ ಬೇರೆ ಇರುತ್ತಿತ್ತು. ಇಲ್ಲವೆಂದು ಖಚಿತವಾದ ಮೇಲೆಯೇ ಗಂಡ ಮತ್ತು ಅತ್ತೆಯನ್ನು ಕರೆಸಿದೆ.

"ಕೇಳಿದ್ರೆ ಕೊಡ್ತಿರ್ಲಿಲ್ವಾ ಮೇಡಂ? ನಮ್ಮನೇಲೇ ಕದಿಯೋದಾ?" ಎಂದರು ಗಂಡ. ಹೆಂಡತಿ ತಲೆ ಎತ್ತಲಿಲ್ಲ. ಅತ್ತೆ ಮಾತ್ರ ಸಮಾಧಾನವಾಗಿಯೇ ಹೇಳಿದರು: "ಸತ್ವ ಎಲ್ಲಾ ಸಾರಲ್ಲೇ ಇರ್ತದೆ ಕಣವ್ವ. ನಾನು ಸೊಸೆಯಾಗಿ ಬಂದಾಗ್ಲಿಂದ ಸಾರು, ಮೂಳೆ ಅಷ್ಟರಲ್ಲೇ ಮುದ್ದೆ ಉಂಡಿವ್ನಿ. ನಂಗೇನಾಗದೆ?"

ಆಗ ನಾನು ಕೇಳಿದ್ದು ಅವರ ಊರಿನ ಗುಡ್ಡೆಬಾಡಿನ ಬಗ್ಗೆ, ಅಂದರೆ ಊರವರು ದುಡ್ಡು ಕೂಡಿಸಿ ಮರಿ ಕುಯ್ದು ಬಾಡನ್ನು ಸಮಪಾಲಿನ ಗುಡ್ಡೆಗಳಾಗಿ ಹಂಚಿಕೊಳ್ಳುವುದರ ಬಗ್ಗೆ. ಅಜ್ಜಿಯ ಮುಖ ಅರಳಿತು. ಯುಗಾದಿಗೆ ಮುಂಚೆ ವರ್ಷವಿಡೀ ಚೀಟಿ ಕಟ್ಟುವುದು, ಹಬ್ಬದ ಮರುದಿನ ಹೊಸತೊಡಕಿಗೆ ಬೆಳಗಿನ ಜಾವ ಮರಿ ಕುಯ್ಯುವುದು, ಹಾಸಿನ ಮೇಲೆ ಸಾಲಾಗಿ ಗುಡ್ಡೆ ಹಾಕುವುದು, ಎಲ್ಲವನ್ನೂ ಹೇಳಿದರು. "ಎಲ್ಲಾ ಗುಡ್ಡೆಗೂ ಲಿವರ್ರು ಒಂದೊಂದು ಚೂರು, ಬೋಟಿ ಒಂದಷ್ಟು, ಮೂಳೆ ಒಂದಷ್ಟು, ಮೆತ್ತನೇದು ಒಂದಷ್ಟು ಬೀಳ್ಲೇಬೇಕು. ಒಂದು ಗುಡ್ಡೇಲಿ ಬರೀ ಮೂಳೆ ಬಿತ್ತೋ, ಅಲ್ಲೇ ಹೊಡೆದಾಟ. ಗೌಡ್ರ ಮನೆಗೂ ಅಷ್ಟೇ, ಕೂಲಿಯವ್ನಿಗೂ ಅಷ್ಟೇ."

ಸೊಸೆ ಬಾಯಿ ತೆರೆದದ್ದು ಆಗ. "ಅತ್ತೆ, ನಮ್ಮನೇಲಿ ನಂದೂ ಮಗಳ್ದೂ ಬರೀ ಮೂಳೆ ಗುಡ್ಡೇನೇ ಅಲ್ವಾ?"

ಅಜ್ಜಿಗೆ ಮೊದಲು ಸಿಟ್ಟು ಬಂತು. "ಹಂಗಾದ್ರೆ ನಾನು ಮೋಸ ಮಾಡ್ತಿವ್ನಾ?" ಎಂದು ಸೆರಗು ಕೊಡವಿ ಎದ್ದರು, ಮತ್ತೆ ಕೂತರು. ಗಂಡ ನಡುವೆ ಮಾತಾಡಲು ಹೋದಾಗ ನಾನು ತಡೆದೆ. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿಯೇ ಹೇಳಿದರು: "ನಂಗೂ ಯಾರೂ ಹಾಕ್ಲಿಲ್ಲ ಕಣವ್ವ." ಆಗ ಗಂಡ, ತಾನು ಉಂಡು ಎದ್ದುಹೋಗುವವನು, ಇವರ ತಟ್ಟೆಗಳಲ್ಲಿ ಏನಿರುತ್ತದೆಂದು ಒಂದು ದಿನವೂ ನೋಡಿಲ್ಲ ಎಂದು ಒಪ್ಪಿಕೊಂಡರು.

ನಾನು ಕೊಟ್ಟ ಸಲಹೆ ಹೀಗಿತ್ತು. ಪಾತ್ರೆ ಒಲೆಯಿಂದ ಇಳಿಯುತ್ತಿದ್ದಂತೆ, ಯಾರೂ ಊಟಕ್ಕೆ ಕೂರುವ ಮುಂಚೆ, ಆರು ಬಟ್ಟಲಿಗೆ ತುಂಡು ಹಂಚಬೇಕು. ಹಂಚುವವರು ಅಜ್ಜಿಯೇ. ಸೌಟನ್ನು ಸೊಸೆಯ ಕೈಗೆ ಕೊಡಿಸಬೇಕಿತ್ತು ಎಂದು ಜೊತೆಯ ಸಲಹೆಗಾರರೊಬ್ಬರು ವಾದಿಸಿದರು. ನಾನು ಒಪ್ಪುವುದಿಲ್ಲ. ಅಜ್ಜಿಗೆ ಆ ಮನೆಯಲ್ಲಿ ಉಳಿದಿದ್ದ ಅಧಿಕಾರ ಅದೊಂದೇ. ಅದನ್ನು ಕಿತ್ತುಕೊಂಡಿದ್ದರೆ ಮುಂದಿನ ಜಗಳ ಉಪ್ಪಿಗೋ ಹುಳಿಗೋ ಶುರುವಾಗುತ್ತಿತ್ತು. ಅಡುಗೆಯ ಮಾತು ಆಪ್ತಸಲಹೆಯಲ್ಲ ಎನ್ನುವವರೂ ಇದ್ದಾರೆ. ಜಗಳ ಹುಟ್ಟುವುದು ಅಡುಗೆಮನೆಯಲ್ಲಾದರೆ ನಾನು ಅಲ್ಲಿಗೇ ಹೋಗುತ್ತೇನೆ.

ಇನ್ನಷ್ಟು ಬಾಡು ತನ್ನಿ ಎಂದು ಹೇಳಲು ಬಾಡಿಗೆ, ಶಾಲೆ ಫೀಸು ಬಿಡುವುದಿಲ್ಲ. ಹಾಗಾಗಿ ಇರುವುದನ್ನೇ ಹಿಗ್ಗಿಸುವ ದಾರಿ ಕೂತು ಮಾತಾಡಿದೆವು. ಅಂಗಡಿಯಲ್ಲೇ ಸಣ್ಣ ಪೀಸ್ ಮಾಡಿಸಿದರೆ ಆರು ಪಾಲು ಸಲೀಸು. ಕೆ.ಜಿ.ಯಲ್ಲಿ ಅರ್ಧ ಭಾನುವಾರಕ್ಕೆ, ಅರ್ಧ ಫ್ರೀಜರಿನಲ್ಲಿ ಬುಧವಾರಕ್ಕೆ. ಅವರೆಕಾಯಿ ಕಾಲದಲ್ಲಿ ಹಿದಕಬೇಳೆ, ಉಳಿದ ದಿನ ನವಿಲುಕೋಸು, ಆಲೂಗಡ್ಡೆ ಸೇರಿದರೆ ಅರ್ಧ ಕೆ.ಜಿ.ಗೂ ಪಾತ್ರೆ ತುಂಬುತ್ತದೆ. ಕೈಮ ತಂದಾಗ ಹುರಿಗಡಲೆ ಪುಡಿ, ಸಬ್ಬಸಿಗೆ ಸೊಪ್ಪು ಹಾಕಿ ಉಂಡೆ ಕಟ್ಟುವುದು ಅಜ್ಜಿಗೇ ಚೆನ್ನಾಗಿ ಗೊತ್ತಿತ್ತು. ಉಂಡೆಯಲ್ಲಿ ದೊಡ್ಡದು ಚಿಕ್ಕದೆಂಬ ತಕರಾರೂ ಕಡಿಮೆ. ಕೋಳಿ ಲಿವರ್ ಅಗ್ಗ, ಕಬ್ಬಿಣಾಂಶ ಹೆಚ್ಚು. ನಡುವೆ ಮೊಟ್ಟೆ ಇರಲಿ.

ಆದರೆ ಹಿಗ್ಗಿಸುವುದೆಂದರೆ ಸಾರಿಗೆ ನೀರು ಬೆರೆಸಿ ಅದನ್ನು ಹೆಂಗಸರಿಗೆ ಬಿಡುವುದಲ್ಲ. ಸಾರಿನಲ್ಲಿ ರುಚಿಯಿದೆ, ಜಿಡ್ಡಿದೆ. ಪ್ರೋಟೀನು, ಕಬ್ಬಿಣಾಂಶದ ಬಹುಪಾಲು ತುಂಡಿನಲ್ಲೇ ಉಳಿದಿರುತ್ತದೆ. ಇದನ್ನು ಅಜ್ಜಿಗೆ ಬಿಡಿಸಿ ಹೇಳಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ದಿನಕ್ಕೆ ಗಂಡಸಿಗೆ 19 ಮಿ.ಗ್ರಾಂ ಕಬ್ಬಿಣಾಂಶ ಬೇಕಾದರೆ, ಮುಟ್ಟಾಗುವ ವಯಸ್ಸಿನ ಹೆಂಗಸಿಗೆ 29 ಬೇಕು. ನಮ್ಮ ಮನೆಗಳ ಬಡಿಸುವ ಸಾಲು ಇದಕ್ಕೆ ಸರಿಯಾಗಿ ತಿರುಗುಮುರುಗು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಅದಕ್ಕೆ ಕಾರಣಗಳು ಹಲವು. ಆದರೂ ಸುಸ್ತೆಂದು ಬರುವ ಹೆಣ್ಣುಮಕ್ಕಳನ್ನು ನಾನು ಊಟದ ಸರದಿಯ ಬಗ್ಗೆ ಕೇಳದೆ ಕಳಿಸುವುದಿಲ್ಲ.

'ಕಳ್ಳಿ' ಎಂಬ ಮಾತನ್ನು ಗಂಡ ಮಕ್ಕಳ ಎದುರೇ ವಾಪಸು ತೆಗೆದುಕೊಳ್ಳಬೇಕೆಂದು ಹಟ ಹಿಡಿದೆ. ಅಂದದ್ದು ಅವರೆದುರಿಗೇ ಅಲ್ಲವೇ. ಅವರು ತವರಿಗೇ ಹೋಗಿ ಹೇಳಿ, ಹೆಂಡತಿ ಮಗಳನ್ನು ಕರೆತಂದರು.

ಮೊದಲ ಭಾನುವಾರ ಅಜ್ಜಿ ಐದೇ ಗುಡ್ಡೆ ಹಾಕಿದ್ದರಂತೆ, ತಮ್ಮದನ್ನು ಬಿಟ್ಟು. ಸೊಸೆ ಎಲ್ಲದರಿಂದಲೂ ಒಂದೊಂದು ತೆಗೆದು ಆರನೆಯದನ್ನು ಮಾಡಿದರು. ಕೋಳಿಯ ಕಾಲು ಈಗಲೂ ದೊಡ್ಡ ಮಗನ ಬಟ್ಟಲಿಗೇ ಬೀಳುತ್ತದೆ. ಅದನ್ನು ನಾನು ಕೆದಕಲಿಲ್ಲ.

ಮಗಳನ್ನು ಅಪ್ಪನೇ ಆಟೋದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 12 ಇರಬೇಕಾದಲ್ಲಿ ಅದಕ್ಕಿಂತ ಕಡಿಮೆಯಿತ್ತು. ಡಾಕ್ಟರು ಮಾತ್ರೆ ಬರೆದಿದ್ದಾರೆ. ಊಟದ ಬೆನ್ನಿಗೇ ಟೀ ಬೇಡ, ತಟ್ಟೆಗೊಂದಿಷ್ಟು ನಿಂಬೆಹಣ್ಣು ಹಿಂಡಿ ಎಂದಿದ್ದೇನೆ. ಮರುಪರೀಕ್ಷೆಗೆ ಹೋಗುವಾಗ ಸೊಸೆಯ ರಕ್ತವನ್ನೂ ತೋರಿಸಿ ಎಂದು ಹೇಳಿದ್ದೇನೆ, ಅಜ್ಜಿಯದನ್ನೂ.